ಕನ್ನಡಿ ತಿರುಗಿಸುವ ಮನೆ

ಸ್ಕೂಟರಿಗೆ ಕನ್ನಡಿ ಇಟ್ಟ ಪುಣ್ಯಾತ್ಮರು ಹಿಂದೆ ಬರುವ ವಾಹನಗಳನ್ನು ನೋಡಿಕೊಳ್ಳಲೆಂದೇ ಅದನ್ನು ಇಟ್ಟಿರಬೇಕು. ಆದರೆ ನಮ್ಮ ಆರ್.ಟಿ. ನಗರದಲ್ಲಿ ಆ ಒಂದು ಕೆಲಸವನ್ನು ಬಿಟ್ಟು ಮಿಕ್ಕೆಲ್ಲವೂ ಅದರಿಂದ ನಡೆಯುತ್ತದೆ. ಕಾಲೇಜು ಹುಡುಗರು ಯಾರದೋ ಬೈಕಿನೆದುರು ಬಗ್ಗಿ ತಲೆ ಬಾಚಿಕೊಳ್ಳುತ್ತಾರೆ. ಸೊಪ್ಪು ಕೊಂಡವರು ಚಿಲ್ಲರೆ ಎಣಿಸುವಾಗ ಚೀಲವನ್ನು ಅದರ ಕತ್ತಿಗೆ ನೇತುಹಾಕುತ್ತಾರೆ. ನಮ್ಮ ಬೀದಿಯ ಕಾಗೆಯೊಂದು ನನ್ನ ಸ್ಕೂಟರಿನ ಕನ್ನಡಿಯೊಳಗಿನ ತನ್ನ ಪ್ರತಿಬಿಂಬದೊಡನೆ ದಿನವೂ ಜಗಳಕ್ಕೆ ನಿಂತು, ಜಯಶಾಲಿಯ ಗತ್ತಿನಲ್ಲಿ ಹಾರಿಹೋಗುತ್ತದೆ. ನಾನಾದರೋ ಸಿಗ್ನಲ್ಲಿನಲ್ಲಿ ನಿಂತಾಗ ಹಣೆಯ ಬಿಂದಿ ನೆಟ್ಟಗಿದೆಯೇ ಎಂದು ನೋಡಿಕೊಳ್ಳುವವಳು. ಹಿಂದಿನ ಲಾರಿಯನ್ನು ಲಾರಿಯವನೇ ನೋಡಿಕೊಳ್ಳಲಿ ಎಂಬ ಉದಾತ್ತ ವಿಶ್ವಾಸ ನನ್ನದು.

ಇಂಥ ಕನ್ನಡಿಗೆ ಇನ್ನೊಂದು ಉಪಯೋಗವೂ ಉಂಟೆಂದು ನನಗೆ ತಿಳಿದದ್ದು ಬ್ಯಾಸ್ಕೆಟ್‌ಬಾಲಿನ ದೆಸೆಯಿಂದ. ಯಲಹಂಕದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನನಗೂ ಆ ಆಟಕ್ಕೂ ಎತ್ತಣಿಂದೆತ್ತ ಸಂಬಂಧ? ಆದರೆ ಕ್ರೀಡಾ ಕೋಟಾದ ಆಯ್ಕೆಗೆ ಕ್ರೀಡೆಯ ಗಂಧವಿಲ್ಲದ ಅಧ್ಯಾಪಕರೊಬ್ಬರೂ ಇರಬೇಕೆಂಬುದು ನಮ್ಮಲ್ಲಿಯ ರೂಢಿ. ಆ ಅರ್ಹತೆ ನನ್ನಷ್ಟು ಪರಿಪೂರ್ಣವಾಗಿ ಇನ್ನಾರಲ್ಲೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಹಾಕಿದ ಚೆಂಡು ಮರುಕ್ಷಣವೇ ಕೆಳಗೆ ಬೀಳುವಂತೆ ಬುಟ್ಟಿಯ ತಳ ಕತ್ತರಿಸಿದ್ದೇಕೆ ಎಂದು ನಾನು ಮೊದಲ ದಿನ ಕೇಳಿದಾಗ, ನಮ್ಮ ದೈಹಿಕ ಶಿಕ್ಷಣ ನಿರ್ದೇಶಕಿ ವರಲಕ್ಷ್ಮಿ ನನ್ನನ್ನು ಬಹಳ ಹೊತ್ತು ನೋಡಿ, ನಿಟ್ಟುಸಿರಿಟ್ಟು, ಬನ್ನಿ ಕಾಫಿ ಕುಡಿಯೋಣ ಎಂದಿದ್ದರು.

ಆ ವರ್ಷ ಹುಡುಗಿಯರ ತಂಡಕ್ಕೆ ಉಳಿದದ್ದು ಒಂದೇ ಸೀಟು, ಕಣದಲ್ಲಿದ್ದವರು ಇಬ್ಬರು. ವರ್ಷಾ ಎಂಬವಳು ಚೆಂಡು ಎಸೆದರೆ ಬುಟ್ಟಿಗೆ ಬೇರೆ ದಾರಿಯೇ ಇರಲಿಲ್ಲ. ಸಬೀಹಾ ಎಂಬವಳ ಗುರಿ ಅಷ್ಟಕ್ಕಷ್ಟೆ. ಆದರೆ ಆ ಹುಡುಗಿಯ ತೋಳುಗಳು ಅದೆಷ್ಟು ನೀಳವೆಂದರೆ, ಕೂತಲ್ಲಿಂದಲೇ ಅಟ್ಟದ ಮೇಲಿನ ಡಬ್ಬಿ ಇಳಿಸಿಯಾಳು ಅನ್ನಿಸುತ್ತಿತ್ತು. ಆಯ್ಕೆಯ ಪಂದ್ಯದಲ್ಲಿ ಬುಟ್ಟಿ ಎದುರಿಗೇ ಇದ್ದರೂ ಅವಳು ಚೆಂಡನ್ನು, ಬೆಳಗಿನಿಂದ ಒಂದೂ ಹಾಕಲಾಗದೆ ಅಳುಮೋರೆ ಮಾಡಿಕೊಂಡಿದ್ದ ತನ್ನ ತಂಡದ ಬೇರೊಬ್ಬಳ ಕೈಗೆ ದಾಟಿಸಿದಳು. ಆಕೆ ಹಾಕಿಯೂಬಿಟ್ಟಳು. ವರಲಕ್ಷ್ಮಿ ಸೀಟಿ ಊದುವುದನ್ನೇ ಮರೆತು ನಿಂತದ್ದನ್ನು ನಾನು ಕಂಡೆ.

“ಆಟ ಮೈದಾನದಲ್ಲಿ ಕಾಣತ್ತೆ ರೀ, ಆಡೋರು ಮನೇಲಿ ಕಾಣ್ತಾರೆ. ಹೋಗಿ ನೋಡ್ಕೊಂಡ್ ಬರೋಣ” ಎಂಬುದು ವರಲಕ್ಷ್ಮಿಯ ಸಿದ್ಧಾಂತ. ಹೀಗೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಹೊರಟದ್ದು ಥೇಟು ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟ ಹಾಗಿತ್ತು. ವ್ಯತ್ಯಾಸವಿಷ್ಟೆ: ಅಲ್ಲಿ ಹಾಡು ಬರುತ್ತದೆಯೇ ಎಂದು ಕೇಳುತ್ತಾರೆ, ವರಲಕ್ಷ್ಮಿ ಕೇಳುತ್ತಿದ್ದದ್ದು ಬೇರೆ. ತಿಂಡಿ ತಿಂದು, ಹವಾಮಾನ ಮಾತಾಡಿ, ಏಳುವ ಮುಂಚೆ ಅವರು ಮನೆಯವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಮಗು ಸೋತು ಬಂದ ದಿವ್ಸ ಮನೇಲಿ ಏನ್ ಮಾಡ್ತೀರಿ?”

ಹುಣಸಮಾರನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ವರ್ಷಾಳ ತಂದೆ ನಮ್ಮನ್ನು ಲಿಫ್ಟಿನ ಬಾಗಿಲಲ್ಲೇ ಎದುರುಗೊಂಡರು. ಗೋಡೆಯ ತುಂಬ ಪದಕಗಳು, ಮೇಜಿನ ತುಂಬ ಗೋಡಂಬಿ. ವರಲಕ್ಷ್ಮಿಯ ಪ್ರಶ್ನೆಗೆ ಅವರು ನಕ್ಕು, “ಸೋಲೋದ್ ಕಡಿಮೆ ಮೇಡಂ. ಸೋತ್ರೆ ಅವತ್ತೇ ಕೂರಿಸ್ಕೊಂಡು ಪೂರ್ತಿ ವಿಡಿಯೋ ಹಾಕಿ ಎಲ್ಲೆಲ್ಲಿ ತಪ್ಪಾಯ್ತು ಅಂತ ತೋರಿಸ್ತೀನಿ. ತಪ್ಪು ಗೊತ್ತಾಗ್ಬೇಕಲ್ವಾ?” ಎಂದರು. ಕೆಟ್ಟ ಮನುಷ್ಯರಲ್ಲ, ಮಗಳ ಪ್ರತಿಯೊಂದು ಆಟಕ್ಕೂ ರಜೆ ಹಾಕಿ ಹೋಗುವ ತಂದೆ. ಆದರೆ ಆ ಮಾತಿಗೆ ವರ್ಷಾ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಪುಡಿ ಮಾಡುತ್ತಾ ಹೋದಳು, ಒಂದು ಚೂರನ್ನೂ ಬಾಯಿಗಿಡಲಿಲ್ಲ. ನನಗೆ ಅವಳ ಮೇಲೂ ಮರುಕ ಬಂತು, ಅವರ ಮೇಲೂ.

ದಾರಿಯಲ್ಲಿ ನಾನು ವಾದಕ್ಕೆ ನಿಂತೆ. ಗುಣ ನೋಡುವುದು ಸರಿ. ಮನೆಯನ್ನು ನೋಡಿ ಆರಿಸುವುದು ಯಾವ ನ್ಯಾಯ? ಮನೆಯ ಆಸರೆ ಇಲ್ಲದವಳು ಅದಕ್ಕೇನು ಮಾಡಬೇಕು, ಆಸರೆಯನ್ನು ಅಂಗಡಿಯಲ್ಲಿ ಕೊಳ್ಳಬೇಕೇ? ಕೋಗಿಲು ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿ ಹುಟ್ಟಿ ಬೆಳೆದ ವರಲಕ್ಷ್ಮಿ ಮೈದಾನದಲ್ಲಿ ಗ್ರಂಥಸ್ಥ ಕನ್ನಡದಲ್ಲೇ ಗದರುವವರು. ಮನಸ್ಸು ಕಲಕಿದಾಗ ಮಾತ್ರ ಊರಿನ ನಾಲಗೆ ಹೊರಬರುತ್ತದೆ. ಹಿಂದಿನ ಸೀಟಿನಿಂದ ಅವರೆಂದರು: “ನಮ್ಮಪ್ಪ ನಾನಾಡೋದ್ ಒಂದಿನಾನೂ ನೋಡ್ನಿಲ್ಲ. ಸೋತ್ರೆ ಅಟ್ಟೀಲಿ ಯಾರ್ಗೂ ಗೊತ್ತಾಗ್ತಿರ್ನಿಲ್ಲ, ಗೆದ್ರೂ ಗೊತ್ತಾಗ್ತಿರ್ನಿಲ್ಲ. ಇಂಗೇ ಒಂದಿನ ಬಿಟ್ಬುಟ್ಟೆ. ಮನೆ ನೋಡೋದು ಹುಡ್ಗೀನ ಬಿಡೋಕಲ್ಲ ಕಣ್ ಮೇಡಮ್ಮೋರೆ, ಅಲ್ಲಿ ಇಲ್ದಿರೋದನ್ನ ನಾವು ಎಷ್ಟ್ ತುಂಬ್ಬೇಕು ಅಂತ ತಿಳ್ಕೊಳ್ಳೋಕೆ.” ಕನ್ನಡಿಯಲ್ಲಿ ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಸಬೀಹಾಳ ಮನೆ ಆರ್.ಟಿ. ನಗರದಲ್ಲಿ, ನನ್ನ ಮನೆಯಿಂದ ಎರಡು ಬೀದಿಯಾಚೆ. ಇಷ್ಟು ವರ್ಷ ಅದೇ ಗೇಟಿನ ಮುಂದೆ ಹಾದುಹೋಗುತ್ತಿದ್ದರೂ ಒಳಗೊಬ್ಬ ನೀಳತೋಳಿನ ಹುಡುಗಿ ಬೆಳೆಯುತ್ತಿರುವುದು ನನಗೆ ಗೊತ್ತಿರಲಿಲ್ಲ. ಬೂದುಗುಂಬಳದ ಸಿಹಿ ದಮ್‌ರೂಟ್ ಬಂತು, ಚಹಾ ಬಂತು, ವರಲಕ್ಷ್ಮಿಯ ಪ್ರಶ್ನೆಯೂ ಬಂತು. ತಂದೆ ಅನ್ವರ್ ತಮ್ಮ ಟೋಪಿಯನ್ನು ಕೈಯಲ್ಲಿ ತಿರುಗಿಸತೊಡಗಿದರು. ಉತ್ತರಿಸಿದವರು ತಾಯಿ, ಸೆರಗಿನ ಮರೆಯಲ್ಲಿ ನಗುತ್ತಾ: “ಇವ್ರು ಏನೂ ಹೇಳಲ್ಲ ಮೇಡಂ. ಸೋತ್ ದಿನ ಗಾಡಿ ಮಿರರ್ ತಿರುಗ್ಸಿಬಿಡ್ತಾರೆ, ಅಷ್ಟೇ.”

ಸಂಗತಿ ಇಷ್ಟು. ಮಗಳನ್ನು ಆಟದಿಂದ ಕರೆತರುವವರು ಅನ್ವರ್. ಸಬೀಹಾ ಎಲ್ಲರೆದುರು ಅಳುವವಳಲ್ಲ, ಮನೆಯಲ್ಲಿ ಅತ್ತರೆ ಅಜ್ಜಿ ನೊಂದುಕೊಳ್ಳುತ್ತಾರೆಂದು ಅಲ್ಲಿಯೂ ಅಳುವವಳಲ್ಲ. ಅಪ್ಪನ ಬೆನ್ನ ಹಿಂದೆ, ಗಾಡಿಯ ಮೇಲೆ ಅಳುತ್ತಾಳೆ. ಮಗಳ ಅಳು ತನಗೆ ಕಾಣಿಸುತ್ತಿದೆಯೆಂದು ಅವಳಿಗೆ ಅನ್ನಿಸಬಾರದಲ್ಲ, ಅದಕ್ಕೆ ಅವರು ಹೊರಡುವ ಮುಂಚೆ, ರಸ್ತೆಗೆ ಬೇಕಾದ ಬಲಗನ್ನಡಿಯನ್ನು ಬಿಟ್ಟು, ಎಡಗನ್ನಡಿಯನ್ನು ಆಕಾಶಕ್ಕೆ ತಿರುಗಿಸಿ, ನೇರ ಮನೆಗೆ ಬಾರದೆ, ಹೆಬ್ಬಾಳದ ಮೇಲ್ಸೇತುವೆಯನ್ನು ಒಂದು ಸುತ್ತು ಹಾಕಿಕೊಂಡು ಬರುತ್ತಾರೆ. ಮನೆ ಬರುವಷ್ಟರಲ್ಲಿ ಅಳು ಮುಗಿದಿರುತ್ತದೆ. ಬಾಗಿಲಲ್ಲಿರುವ ಅಜ್ಜಿ ತಿರುಗಿದ ಕನ್ನಡಿಯನ್ನು ನೋಡಿ ಫಲಿತಾಂಶ ತಿಳಿದುಕೊಂಡು, ಆಟದ ಮಾತೆತ್ತದೆ ಚಹಾಕ್ಕಿಡುತ್ತಾರೆ. ವಾಹನಸಂದಣಿಯ ಆ ಹೆಬ್ಬಾಳವನ್ನು ಗತಿಯಿಲ್ಲದೆ ದಾಟುವವರನ್ನಷ್ಟೇ ಕಂಡಿದ್ದ ನನಗೆ, ಪ್ರೀತಿಗಾಗಿ ಅದನ್ನು ಸುತ್ತುವವರೂ ಇದ್ದಾರೆಂದು ಕೇಳಿ ಕಣ್ಣು ತುಂಬಿಬಂತು.

ವರಲಕ್ಷ್ಮಿ ಖುಷಿಯಿಂದ ಏಳಲು ಅಣಿಯಾದರು. ಆಗ ಮೂಲೆಯ ದಿವಾನದ ಮೇಲಿಂದ ಅಜ್ಜಿ, ಎಲ್ಲರೂ ದಾದಿ ಎನ್ನುತ್ತಿದ್ದವರು, ಕೈಯೆತ್ತಿ ತಡೆದರು.

“ಕೂತ್ಕೊ ಬೇಟಿ. ನೀವ್ ಕೇಳಿದ್ರಿ, ನಾವ್ ಹೇಳಿದ್ವಿ. ಈಗ ನಾನ್ ಕೇಳ್ತೀನಿ. ಇವ್ಳ ಅಬ್ಬಾಗೆ ಯಶವಂತಪುರ ಗೋಡೌನಲ್ಲಿ ಮುಂದಿನ್ ತಿಂಗ್ಳಿಂದ ಸಾಯಂಕಾಲದ ಡ್ಯೂಟಿ. ಯಲಹಂಕಕ್ಕೆ ಬರಕ್ಕಾಗಲ್ಲ. ಗೆದ್ರೆ ಯಾರ್ ಬೇಕಾದ್ರೂ ಕರ್ಕೊಂಡ್ ಬರ್ತಾರೆ. ಸೋತ್ರೆ ಯಾರ್ ಕರ್ಕೊಂಡ್ ಬರ್ತಾರೆ?”

ಕಾಲೇಜಿನ ಬಸ್ಸಿದೆ ಎಂದರು ವರಲಕ್ಷ್ಮಿ. ಬಸ್ಸಿನಲ್ಲಿ ಎಷ್ಟು ಜನ ಇರ್ತಾರೆ, ಅವಳು ಎಲ್ಲಿ ಅಳಬೇಕು ಎಂದು ದಾದಿ ಕೇಳಿದರು. ಹಾಗಾದರೆ ಬೇಡ, ಮನೆ ಹತ್ತಿರದ ಕಾಲೇಜಿನಲ್ಲೇ ಓದಲಿ, ಅಲ್ಲಿ ಆಟವಿಲ್ಲದಿದ್ದರೆ ಇಲ್ಲ ಎಂದು ಮುಗಿಸಿಯೂಬಿಟ್ಟರು. ಸಬೀಹಾ ತಲೆ ತಗ್ಗಿಸಿ, ತನ್ನ ನೀಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಕುಳಿತಿದ್ದಳು. ಆ ಹುಡುಗಿಯ ಆಟ ಅಲ್ಲಿ, ನಮ್ಮ ಚಹಾದ ಲೋಟಗಳ ನಡುವೆ, ನಿಂತುಹೋಗುವುದರಲ್ಲಿತ್ತು.

“ನಾನ್ ಕರ್ಕೊಂಡ್ ಬರ್ತೀನಿ” ಎಂದು ಯಾರೋ ಅಂದರು. ಅಂದವಳು ನಾನೇ ಎಂದು ತಿಳಿಯಲು ನನಗೂ ಕೊಂಚ ಸಮಯ ಹಿಡಿಯಿತು. ದಾದಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೆಣ್ಣು ನೋಡಲು ಹೋದವಳೇ ಹೆಣ್ಣಾಗಿ ಕೂತ ಹಾಗಾಗಿತ್ತು ನನ್ನ ಸ್ಥಿತಿ. ಮನೆಯಲ್ಲಿ ಯಾರಿದ್ದಾರೆ, ಗಾಡಿ ನಿಧಾನ ಓಡಿಸುತ್ತೀರಾ, ಮಾತು ಜಾಸ್ತಿಯೇ ಎಂದೆಲ್ಲ ಕೇಳಿದರು. ಕೊನೆಯದಕ್ಕೆ ವರಲಕ್ಷ್ಮಿ ಕೆಮ್ಮಿದರು. ಅಂತೂ ನಾನು ಆಯ್ಕೆಯಾದೆ, ನನ್ನ ಬೆನ್ನಿಗೆ, ಅಂದು ದಾಟಿಸಿದ ಚೆಂಡಿನ ಬಲದಿಂದ, ಸಬೀಹಾಳೂ. ವರ್ಷಾಳಿಗೆ ಬೇರೊಂದು ಕಾಲೇಜಿನಲ್ಲಿ ಸೀಟು ಸಿಕ್ಕಿತೆಂದು ತಿಳಿದಾಗ, ಅವಳ ಬಿಸ್ಕತ್ತು ಇನ್ನಾದರೂ ಬಾಯಿಗೆ ಹೋಗಲೆಂದು ಹಾರೈಸಿದೆ.

ಮನೆಯಲ್ಲಿ ನನ್ನ ಯಜಮಾನರು ಸುದ್ದಿ ಕೇಳಿ, “ನಿನ್ ಡ್ರೈವಿಂಗಲ್ಲಿ ಆ ಮಗು ಕೈಕಾಲು ಉಳಿದ್ರೆ ತಾನೇ ಟೂರ್ನಮೆಂಟು” ಎಂದರು. ಆದರೂ ಅಭ್ಯಾಸ ಮುಗಿಯುವವರೆಗೆ ಮೈದಾನದ ಹೊಂಗೆಮರದ ಕೆಳಗೆ ಕುಳಿತು ಉತ್ತರಪತ್ರಿಕೆ ತಿದ್ದುವುದು, ಆಮೇಲೆ ಇಬ್ಬರೂ ಮನೆಗೆ ಹೊರಡುವುದು ನನ್ನ ದಿನಚರಿಯಾಯಿತು. ತಳವಿಲ್ಲದ ಬುಟ್ಟಿಯ ರಹಸ್ಯವನ್ನು ಸಬೀಹಾಳೇ ಬಿಡಿಸಿ ಹೇಳಿದಳು: “ಚೆಂಡು ಒಳಗೇ ಕೂತ್ಕೊಂಡ್ರೆ ಆಟ ಮುಂದಕ್ ಹೋಗಲ್ವಲ್ಲ ಮೇಡಂ.” ಗೆದ್ದ ದಿನಗಳಲ್ಲಿ ಯಲಹಂಕದಿಂದ ಆರ್.ಟಿ. ನಗರದವರೆಗೆ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. ನಾನು ಎರಡೂ ಕನ್ನಡಿಗಳಲ್ಲಿ ಅವಳ ಹಲ್ಲುಗಳನ್ನು ನೋಡುತ್ತಾ ಗಾಡಿ ಓಡಿಸುತ್ತಿದ್ದೆ.

ಸೋಲಿನ ದಿನವೂ ಬಂತು. ಅಂತರ ಕಾಲೇಜು ಸೆಮಿಫೈನಲ್, ನಮ್ಮದೇ ಮೈದಾನ, ನಾವು ಒಂದು ಅಂಕ ಹಿಂದೆ. ಕೊನೆಯಲ್ಲಿ ಸಬೀಹಾಳಿಗೆ ಎರಡು ಫ್ರೀ ಥ್ರೋ. ಎದುರು ಯಾರೂ ಅಡ್ಡ ಬರುವಂತಿಲ್ಲ, ನಿಂತು ನಿಧಾನವಾಗಿ ಹಾಕಬಹುದು. ಅದಕ್ಕೇ ಅದು ಅಷ್ಟು ಕಷ್ಟವಂತೆ. ಎರಡೂ ಬುಟ್ಟಿಯ ಅಂಚಿಗೆ ಬಡಿದು ಹೊರಬಿದ್ದವು. ಅವಳು ಅಳಲಿಲ್ಲ. ಎದುರಾಳಿಗಳ ಕೈಕುಲುಕಿದಳು, ಚೆಲ್ಲಾಡಿದ್ದ ನೀರಿನ ಬಾಟಲಿಗಳನ್ನೆಲ್ಲ ಆಯ್ದು ಪೆಟ್ಟಿಗೆಗೆ ತುಂಬಿದಳು, ಚೀಲ ಹೆಗಲಿಗೇರಿಸಿ ನನ್ನ ಸ್ಕೂಟರಿನ ಬಳಿ ಬಂದು ನಿಂತಳು. ವರಲಕ್ಷ್ಮಿ ದೂರದಿಂದ ನನ್ನನ್ನೇ ನೋಡುತ್ತಿದ್ದರು. ನಾನು ಎಡಗನ್ನಡಿಯನ್ನು ಆಕಾಶಕ್ಕೆ ತಿರುಗಿಸಿದೆ.

ಪುಟ್ಟೇನಹಳ್ಳಿ ಕೆರೆಯ ಬದಿಯಲ್ಲಿ ಬೇಕೆಂದೇ ಸುತ್ತಿ ಬಂದು ಹೆದ್ದಾರಿ ಹಿಡಿಯುವಷ್ಟರಲ್ಲಿ ನನ್ನ ಬೆನ್ನು ಸಣ್ಣಗೆ ನಡುಗತೊಡಗಿತ್ತು. ನಡುಗುತ್ತಿದ್ದದ್ದು ನನ್ನ ಬೆನ್ನಿಗೊರಗಿದ ಅವಳ ಹಣೆ. ಪಾಠದಲ್ಲಿ ಕರುಣರಸವನ್ನು ಎಷ್ಟೋ ವರ್ಷ ವಿವರಿಸಿದ ನಾನು ಒಂದು ಮಾತನ್ನೂ ಆಡಲಿಲ್ಲ. ನನ್ನ ಹೆಗ್ಗಳಿಕೆ ಅಷ್ಟಕ್ಕೇ ಮುಗಿಯಿತು. ಏಕೆಂದರೆ ಯಾವಾಗಲೋ ನನ್ನ ಕಣ್ಣಿನಿಂದಲೂ ನೀರು ಇಳಿಯತೊಡಗಿತ್ತು. ಒಂದು ಅಂಕಕ್ಕೆ ಅಳುವಷ್ಟು ಆಟ ನನಗೆ ತಿಳಿಯದು. ಅವಳು ಅಳಲು ನನ್ನ ಬೆನ್ನನ್ನು ನಂಬಿದಳಲ್ಲ, ಅದಕ್ಕೆ ಅಳು ಬಂತು.

ಹೆಬ್ಬಾಳದ ಬಳಿ ವಾಹನಗಳೆಲ್ಲ ಎಂದಿನಂತೆ ಒತ್ತೊತ್ತಾಗಿ ನಿಂತಿದ್ದವು. ಕಣ್ಣೊರೆಸಿಕೊಳ್ಳಲು ಹೋಗಿ ಬಲಗನ್ನಡಿ ನೋಡಿದೆ. ಅದರಲ್ಲಿ ಸಬೀಹಾ ನನ್ನನ್ನೇ ನೋಡುತ್ತಿದ್ದಳು. ಮರುಕ್ಷಣ ನನ್ನ ಹೆಗಲ ಮೇಲಿಂದ ಆ ನೀಳವಾದ ಕೈ ಮುಂದೆ ಬಂತು. ಮೆಲ್ಲಗೆ ಬಲಗನ್ನಡಿಯನ್ನು ಹಿಡಿದು, ನನ್ನ ಮುಖ ತನಗೆ ಕಾಣಿಸದಂತೆ, ಮೇಲಕ್ಕೆ ತಿರುಗಿಸಿತು. ರಸ್ತೆಯ ಅಂಚಿನಲ್ಲಿ ಆಮೆಯ ಹಾಗೆ ಗಾಡಿ ಓಡಿಸಿಕೊಂಡು ಬಂದೆ. ಹಿಂದಿನವರೆಲ್ಲ ಹಾರ್ನಿನಲ್ಲಿ ನನಗೆ ಸಹಸ್ರನಾಮಾರ್ಚನೆ ಮಾಡಿದರು.

ಕನ್ನಡಿಯ ಉಪಯೋಗಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಿ ಎಂದು ನಿಮಗೆ ಹೇಳುವುದಕ್ಕೇ ಇಷ್ಟೆಲ್ಲ ಬರೆದೆ. ಗೇಟಿನ ಬಳಿ ಗಾಡಿ ನಿಲ್ಲಿಸಿದಾಗ ದಾದಿ ಬಾಗಿಲಲ್ಲೇ ಇದ್ದರು. ಎಡಗನ್ನಡಿ ನೋಡಿದರು. ಬಲಗನ್ನಡಿಯನ್ನೂ ನೋಡಿದರು. ಆಟದ ಮಾತು ಎತ್ತಲಿಲ್ಲ.

“ಇಬ್ರೂ ಒಳಗ್ ಬನ್ನಿ” ಎಂದರು, “ಚಾಯ್ ಇಡ್ತೀನಿ.”