ಅಕ್ಕನ ‘ನಾವು’

ಶಿಗ್ಗಾಂವಿಯಿಂದ ಹಿರೇಕೆರೂರಿಗೆ ಹೋಗುವವರು ಹಾವೇರಿ ಬಸ್ಸು ಹಿಡಿಯುತ್ತಾರೆ. ಭಾನುವಾರ ಬೆಳಿಗ್ಗೆ ಏಳಕ್ಕೆ ನಿಲ್ದಾಣಕ್ಕೆ ಬಂದ ನಾನು ಸವಣೂರು ಬಸ್ಸು ಹತ್ತಿದೆ. ಅಕ್ಕನ ಮನೆ ಮುಟ್ಟುವುದನ್ನು ಆದಷ್ಟು ತಡ ಮಾಡಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಸುತ್ತು ಹಾಕಲು ಖರ್ಚೂ ಇರಲಿಲ್ಲ.

ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕ ಶುಕ್ರವಾರ ವಾಟ್ಸಾಪಿನಲ್ಲಿ ಒಂದೇ ಸಾಲು ಹಾಕಿದ್ದಳು: ‘ಸೋಮವಾರ ನಾವು ಸವಿತಾನ ಗಂಡಿನ ಮನಿ ನೋಡಾಕ ರಟ್ಟೀಹಳ್ಳಿಗೆ ಹೊಂಟೇವಿ.’ ಸವಿತಾ ಅವಳ ಒಬ್ಬಳೇ ಮಗಳು. ನಾನು ಎತ್ತಿ ಆಡಿಸಿದ ಕೂಸು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ‘ನಾವು’ ಒಳಗೆ ನಾನು ಇದ್ದೇನೋ ಇಲ್ಲವೋ? ಬಾ ಎಂದು ಕರೆದಳೋ, ಹೊರಟಿದ್ದೇವೆ ಎಂದು ಬರೀ ತಿಳಿಸಿದಳೋ? ಫೋನ್ ಮಾಡಿ ಕೇಳುವ ಧೈರ್ಯ ಆಗಲಿಲ್ಲ.

ಹೋದ ವರ್ಷದ ತನಕ ಮಸ್ಕತ್ತಿನ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದಾಗ ನನ್ನ ಕೋಣೆಯಲ್ಲಿ ಇನ್ನಿಬ್ಬರಿದ್ದರು. ರೋಸಾ ಫಿಲಿಪೀನ್ಸಿನ ಉತ್ತರದವಳು, ಮನೆಮಾತು ಇಲೊಕಾನೊ. ಜಕಿಯಾ ಜಾಂಜಿಬಾರಿನವಳು, ಅವಳದು ಸ್ವಾಹಿಲಿ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಮೂವರೂ ನಮ್ಮ ನಮ್ಮ ಮಾತು ಹೋಲಿಸುತ್ತಿದ್ದೆವು. ಇಲೊಕಾನೊದಲ್ಲಿ ‘ನಾವು’ ಎನ್ನಲು ಬೇರೆ ಬೇರೆ ಮಾತುಗಳಿವೆ. ‘ಮಪಾನ್ ತಾಯೊ’ ಎಂದರೆ ನಾವು ಹೊರಟಿದ್ದೇವೆ, ನೀನೂ ಬಾ. ‘ಮಪಾನ್ ಕಮಿ’ ಎಂದರೆ ನಾವು ಹೊರಟಿದ್ದೇವೆ, ನಿನ್ನನ್ನು ಬಿಟ್ಟು. ಕಮಿ ಅಂದರೆ ಗುಂಪಿನಲ್ಲಿ ನಾನು ಕಮ್ಮಿ ಎಂದು ನೆನಪಿಟ್ಟುಕೊಂಡಿದ್ದೆ. ಸ್ವಾಹಿಲಿಯಲ್ಲಿ ಎರಡಕ್ಕೂ ‘ತುನಕ್ವೆಂಡಾ’ ಒಂದೇ, ನಮ್ಮ ‘ಹೊಂಟೇವಿ’ ಹಾಗೆ.

ಶನಿವಾರ ಅಕ್ಕನ ಸಾಲಿನ ಅರ್ಥವನ್ನು ಇಬ್ಬರಿಗೂ ಬರೆದು ಕಳಿಸಿದ್ದೆ. ‘ಕಮಿ ಅಂದಳೋ, ತಾಯೊ ಅಂದಳೋ ಅಷ್ಟು ಹೇಳು’ ಎಂದಳು ರೋಸಾ. ಅದು ಗೊತ್ತಿದ್ದರೆ ನಾನೇಕೆ ತಲೆ ಕೆಡಿಸಿಕೊಳ್ಳುತ್ತಿದ್ದೆ! ಜಕಿಯಾ ಮಾತ್ರ, ‘ನಮ್ಮಲ್ಲೂ ಮಾತಿನಿಂದ ತಿಳಿಯುವುದಿಲ್ಲ. ಹೋಗಿ ಮುಖ ನೋಡು’ ಎಂದಳು. ಅದಕ್ಕೇ ಹೊರಟಿದ್ದು.

ಸವಣೂರಿನಲ್ಲಿ ಇಳಿದು ಅರ್ಧ ಕಿಲೋ ಖಾರಾ ಕಟ್ಟಿಸಿದೆ. ಇನ್ನೂ ಹೊತ್ತು ಕಳೆಯಬೇಕೆಂದು ದೊಡ್ಡ ಹುಣಸೆ ಮರಗಳ ಕಡೆ ನಡೆದೆ. ಹೆಸರು ಹುಣಸೆ, ಮರ ಹುಣಸೆಯಲ್ಲ. ಆಫ್ರಿಕಾದ ಕಡೆಯ ಮರ ಅದು. ಹತ್ತು ಜನ ಕೈ ಹಿಡಿದು ನಿಂತರೂ ಬುಡ ತಬ್ಬುವುದು ಕಷ್ಟ. ಫೋಟೊ ಕಳಿಸಿದ ಕೂಡಲೇ ಜಕಿಯಾ, ‘ನಮ್ಮೂರಿನ ಮರ! ಒಂದಿದ್ದರೆ ಮ್ಬುಯು, ಹೆಚ್ಚಿದ್ದರೆ ಮಿಬುಯು’ ಎಂದು ಬರೆದಳು. ರೋಸಾಳ ಮಾತಿನಲ್ಲಿ ಮರ ‘ಕಾಯೊ’, ಮರಗಳು ‘ಕಾಯ್‌ಕಾಯೊ’. ನಾವು ಬಾಲಕ್ಕೆ ‘ಗಳು’ ಹಚ್ಚುತ್ತೇವೆ, ಸ್ವಾಹಿಲಿಯವರು ತಲೆ ಬದಲಿಸುತ್ತಾರೆ, ಇಲೊಕಾನೊದವರು ತೊದಲಿದ ಹಾಗೆ ಮೊದಲನ್ನೇ ಎರಡು ಸಲ ಅನ್ನುತ್ತಾರೆ. ಬೇರೆ ದಿನವಾಗಿದ್ದರೆ ಇದರಲ್ಲೇ ತಾಸುಗಟ್ಟಲೆ ಮುಳುಗುತ್ತಿದ್ದೆ. ಅವತ್ತು ಎರಡು ನಿಮಿಷವೂ ನಿಲ್ಲಲು ಆಗಲಿಲ್ಲ.

ಹಾನಗಲ್ಲ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಅಜ್ಜಿ ಕುಳಿತಳು, ತೊಡೆಯ ಮೇಲೆ ವೀಳ್ಯದೆಲೆಯ ಪೆಂಡಿ. ಕಂಡಕ್ಟರ್ ಬಂದಾಗ ತನ್ನ ಕಾರ್ಡ್ ಚಾಚಿ, “ನಾವು ಹಾನಗಲ್ಲಿಗೆ ಹೊಂಟೇವ್ರಿ” ಎಂದಳು. ಅವನು ನನ್ನ ಕಡೆ ನೋಡಿ ಎರಡು ಟಿಕೆಟ್ ಹರಿದ.

“ಇವರು ನಮ್ಮವರಲ್ರಿ, ನಾ ಒಬ್ಬಾಕೀನ ಅದೇನಿ,” ಎಂದು ಅಜ್ಜಿ ಗಾಬರಿಯಾದಳು.

“ಮತ್ತ ನಾವು ಅಂದ್ರೆಲ್ಲಬೇ?”

“ಹಂಗ ಅಂತಾರಪಾ ಮಾತಿಗೆ.”

ನಾನೂ ಹಾನಗಲ್ಲಿಗೇ ಎಂದು ಆ ಟಿಕೆಟ್ ಇಸಿದುಕೊಂಡೆ. ಮಾತಿಗೆ ಅನ್ನುವ ‘ನಾವು’ ಬೇರೆ ಇದೆಯೆಂದು ಆಗ ಹೊಳೆದು, ಫೋನ್ ತೆಗೆದು ಅಕ್ಕನ ಸಾಲನ್ನು ಮತ್ತೊಮ್ಮೆ ಓದಿದೆ.

ಹಾನಗಲ್ಲಿನಲ್ಲಿ ಎರಡು ಮಿರ್ಚಿ ತಿಂದೆ, ಚಹಾ ಕುಡಿದೆ. ಶಿಗ್ಗಾಂವಿ ಬೋರ್ಡಿನ ಬಸ್ಸು ನಿಂತಿತ್ತು. ಹೋಗಿ ಹತ್ತಿದೆ, ಕೂತೆ, ಡ್ರೈವರ್ ಬರುವಷ್ಟರಲ್ಲಿ ಇಳಿದೆ. ನಾಚಿಕೆಯಾಯಿತು. ಹಿರೇಕೆರೂರು ಬಸ್ಸು ಬಂದಾಗ ಹಿಂದೆ ಮುಂದೆ ನೋಡದೆ ಹತ್ತಿಬಿಟ್ಟೆ. ತಿಳವಳ್ಳಿ ದಾಟಿದ ಮೇಲೆ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸು ಅದನ್ನು ತಪ್ಪಿಸಿಕೊಂಡು ತೆವಳುತ್ತಿತ್ತು. ತಡವಾಗಲಿ ಎಂದು ಹೊರಟ ನನಗೆ ಈಗ ಅದರ ಮೇಲೆ ಸಿಟ್ಟು ಬರುತ್ತಿತ್ತು.

ಮೂರು ಗಂಟೆಗೆ ಅಕ್ಕನ ಮನೆ ಬಾಗಿಲಲ್ಲಿ ನಿಂತೆ. ಅಕ್ಕ ಪಡಸಾಲೆಯಲ್ಲಿ ಬೀಗರ ಮನೆಗೆ ಒಯ್ಯುವ ಶೇಂಗಾ ಉಂಡಿಯನ್ನು ಡಬ್ಬಿಗೆ ತುಂಬುತ್ತಿದ್ದಳು. ತಲೆ ಎತ್ತಿದಳು. ಮುಖದಲ್ಲಿ ನನಗೆ ಏನೂ ಓದಲು ಬರಲಿಲ್ಲ.

“ಬಂದಿ? ಕಾಲು ತೊಳ್ಕೊ.”

ಕಾಲು ತೊಳೆಯದೆ ಕೇಳಿಬಿಟ್ಟೆ. “ಅಕ್ಕಾ, ನಾವು ಹೊಂಟೇವಿ ಅಂತ ಬರದಿದ್ದೆಲ್ಲ. ಅದರಾಗ ನಾನೂ ಇದ್ನೇನು?”

ಅವಳು ಇನ್ನೆರಡು ಉಂಡಿ ಇಟ್ಟಳು. “ಇಲ್ಲ. ನಾಳೆ ಯಾರರ ಕೇಳಿದ್ರ, ತಂಗಿಗೆ ಹೇಳೇನಿ ಅನ್ನಾಕ ಬರಬೇಕಲ್ಲ, ಅದಕ್ಕ ಹಾಕಿದ್ದೆ. ನೀ ಬರ್ತಿ ಅಂತ ತಿಳಿದಿರಲಿಲ್ಲ.”

ಖಾರಾದ ಪೊಟ್ಟಣ ಹಿಡಿದುಕೊಂಡೇ ನಿಂತಿದ್ದೆ.

“ಅಪ್ಪನ ಮಣ್ಣಿಗೆ ಬರಲಿಲ್ಲ ನೀ,” ಎಂದಳು.

“ರಜಾ ಕೊಡಲಿಲ್ಲಕ್ಕ.”

“ಗೊತ್ತೈತಿ. ಗೊತ್ತಿದ್ರೂ ಸಿಟ್ಟು ಹೋಗವಲ್ದು, ಏನ್ ಮಾಡ್ಲಿ.” ಅವಳ ಕಣ್ಣು ತುಂಬಿತ್ತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು.

ಆಮೇಲೆ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗಿದ್ದ ಮಗಳನ್ನು ಕೂಗಿದಳು.

“ಸವಿತಾ, ಗಾಡಿಯಾವಗ ಫೋನ್ ಹಚ್ಚು. ನಾಳೆ ಐದಲ್ಲ, ಆರ ಮಂದಿ ಅದೇವಿ ಅಂತ ಹೇಳು.”