ಕ್ಯಾಮೆರಾದ ಕಣ್ಣಿಗೆ ಹಚ್ಚಿದ ವಿಭೂತಿ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮೂರು ಆವರಗೆರೆಯಿಂದ ದಾವಣಗೆರೆ ಬಸ್ ಸ್ಟ್ಯಾಂಡಿಗೆ ಬಂದು, ಹರಿಹರದ ಬಸ್ಸು ಹತ್ತಿ, ಅಲ್ಲಿಳಿದು ಗುತ್ತೂರಿನ ದಾರಿ ಹಿಡಿದರೆ ನಮ್ಮ ಫ್ಯಾಕ್ಟರಿ. ಫ್ಯಾಕ್ಟರಿ ಅಂದರೆ ಭಾರಿ ಏನಲ್ಲ, ತಗಡಿನ ಸೂರಿನ ಒಂದು ಶೆಡ್ಡು. ಅಲ್ಲಿ ಲೇತ್ ಮಿಷಿನ್ನುಗಳಲ್ಲಿ ಉಕ್ಕಿನ ಬುಷ್ ತಯಾರಾಗುತ್ತಿತ್ತು. ಗಾಡಿಯ ಕೀಲುಗಳಿಗೆ ಹಾಕುವ ದುಂಡನೆಯ ಬಿಲ್ಲೆ; ಬಳೆಗಿಂತ ಚಿಕ್ಕದು, ಉಂಗುರಕ್ಕಿಂತ ದೊಡ್ಡದು. ಅವುಗಳಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ನೋಡಿ ಬೇರೆ ಮಾಡುವುದು ಕಿಟಕಿ ಪಕ್ಕದ ಮೇಜಿಗೆ ಕೂರುತ್ತಿದ್ದ ನಮ್ಮ ನಾಲ್ವರು ಹೆಂಗಸರ ಕೆಲಸ.

ಬೆಳಗಿನ ಬಿಸಿಲು ನೇರ ಆ ಮೇಜಿನ ಮೇಲೇ ಬೀಳುತ್ತಿತ್ತು. ಬುಷ್ಷನ್ನು ಬಿಸಿಲಿಗೆ ಹಿಡಿದು ಬೆರಳಲ್ಲಿ ತಿರುಗಿಸಿದರೆ ಗೆರೆ ಬಿದ್ದದ್ದು, ಅಂಚು ಕಿತ್ತದ್ದು ಗೊತ್ತಾಗುತ್ತಿತ್ತು. ಕೈ ಅದರ ಪಾಡಿಗೆ ಅದು, ಬಾಯಿ ಅದರ ಪಾಡಿಗೆ ಅದು. ಯಾರ ಮನೆಯಲ್ಲಿ ಮದುವೆ, ಯಾರ ಅತ್ತೆ ಜಗಳಗಂಟಿ, ಎಲ್ಲ ಅಲ್ಲೇ ತೀರ್ಮಾನ. ಮಧ್ಯಾಹ್ನ ಅದೇ ಮೇಜಿನ ಮೇಲೆ ರೊಟ್ಟಿ ಗಂಟು ಬಿಚ್ಚುತ್ತಿದ್ದೆವು. ಮಿಷಿನ್ನಿನ ಎಣ್ಣೆಯ ವಾಸನೆ ರೊಟ್ಟಿಗೂ ಹತ್ತಿರುತ್ತಿತ್ತು. ನಂಬಿದರೆ ನಂಬಿ, ಅಂಥ ರುಚಿಯ ಊಟ ಆಮೇಲೆ ನಾನು ಮಾಡಿಲ್ಲ.

ಆ ಮೇಜಿಗೆ ಯಜಮಾನಿ ನಮ್ಮ ಅಕ್ಕ. ಒಡಹುಟ್ಟಿದವರಲ್ಲ, ಗುತ್ತೂರಿನವರು, ವಯಸ್ಸಿನಲ್ಲಿ ಹಿರಿಯರು, ಎಲ್ಲರಿಗೂ ಅಕ್ಕನೇ. ಗಂಡ ಹಾಸಿಗೆ ಹಿಡಿದಿದ್ದರು. ಅಕ್ಕನ ಕಾಲುಗಳು ಸಂಜೆಯಾದರೆ ಊದಿಕೊಳ್ಳುತ್ತಿದ್ದವು, ನಿಂತು ಮಾಡುವ ಕೆಲಸ ಆಗುತ್ತಿರಲಿಲ್ಲ. ಆ ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ ಅಂತ ಇದ್ದದ್ದು ಈ ಮೇಜಿನದೊಂದೇ.

ಅಂಥದ್ದರಲ್ಲಿ ಫ್ಯಾಕ್ಟರಿಯ ಸಾವುಕಾರರು ಒಂದು ಕ್ಯಾಮೆರಾ ಮಿಷಿನ್ನು ತರಿಸಿದರು. ಬುಷ್ ಅದರ ಕೆಳಗೆ ಹಾದುಹೋದರೆ ಸಾಕು, ಒಳ್ಳೆಯದಕ್ಕೆ ಹಸಿರು ದೀಪ, ಕೆಟ್ಟದ್ದಕ್ಕೆ ಕೆಂಪು. ಪರೀಕ್ಷೆಗೆಂದು ಬಂದಿತ್ತು; ಸರಿಹೋದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ವಾಪಸ್. ಜೊತೆಗೆ ಬಂದಿದ್ದ ಎಂಜಿನಿಯರ್ ನಮ್ಮ ಮೇಜಿಗೇ ಬಂದು, "ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ನೀವು ತೋರಿಸ್ತಾ ಹೋಗಿ ಮೇಡಂ. ನೋಡ್ತಾ ನೋಡ್ತಾ ಅದೇ ಕಲಿಯುತ್ತೆ" ಅಂದರು. ಕೃತಕ ಬುದ್ಧಿಮತ್ತೆ ಅಂತ ಈಗ ದಿನಾ ಪೇಪರಿನಲ್ಲಿ ಬರುತ್ತದಲ್ಲ, ಅದರ ಅಜ್ಜ ಇರಬೇಕು ಅದು.

"ನಮ್ ಮಕ್ಳಿಗೆ ಹೇಳಿದ್ದೇ ತಲಿಗೆ ಹತ್ತಲ್ಲ, ಈ ಕಬ್ಬಿಣ ಕಲಿತೈತೇನ್ರಿ?" ಅಂತ ಅಕ್ಕ ನಕ್ಕರು. ಆದರೆ ಮನಸ್ಸಿಟ್ಟು ಕಲಿಸಿದರು. ಅದು ಕಲಿಯಿತು ಕೂಡ. ತಪ್ಪು ಹೇಳಿದಾಗ "ಅದಲ್ಲಪ್ಪಾ, ಸರಿಯಾಗಿ ನೋಡು" ಅಂತ ಅದಕ್ಕೆ ಗದರುತ್ತಿದ್ದರು. ಮಿಷಿನ್ನಿನ ತಪ್ಪು ದಿನದಿನಕ್ಕೆ ಕಡಿಮೆಯಾಯಿತು. ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕಿಕೊಳ್ಳುತ್ತಿದ್ದೇವೆ ಅಂತ ನಾನು ಗೊಣಗಿದರೆ ಅಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಶೆಡ್ಡು ತೊಳೆದು, ಬಾಳೆಕಂದು ಕಟ್ಟಿ, ಲೇತಿನಿಂದ ಹಿಡಿದು ಸ್ಪ್ಯಾನರ್‌ವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ವಿಭೂತಿ ಹಚ್ಚುವುದು ಪ್ರತಿವರ್ಷ ಅಕ್ಕನ ಪಾಲಿನ ಕೆಲಸ. ಕೊನೆಗೆ ಕ್ಯಾಮೆರಾದ ಮುಂದೆ ನಿಂತರು.

"ಇದಕ್ಕೂ ಪೂಜೆನಾ?" ಅಂದೆ ನಾನು.

"ಎಲ್ಲಕ್ಕೂ ಹಚ್ಚಿ ಇದೊಂದನ್ನ ಬಿಟ್ರೆ ಚಂದ ಇರ್ತೈತೇನವಾ?"

ಹಚ್ಚುವುದೆಲ್ಲಿ? ಅದರ ಮುಖ ಅಂದರೆ ಕೆಳಮುಖವಾಗಿದ್ದ ದುಂಡನೆಯ ಗಾಜು. ಅಕ್ಕ ಬಗ್ಗಿ, ಕೈ ಒಳಗೆ ತೂರಿಸಿ, ಒದ್ದೆ ವಿಭೂತಿಯ ಮೂರು ಬೆರಳನ್ನು ಆ ಗಾಜಿನ ಮೇಲೆ ಎಳೆದರು. ಆಮೇಲೆ ಎಲ್ಲರೂ ಕೂತು ಮಂಡಕ್ಕಿ ತಿಂದೆವು.

ಹಬ್ಬ ಮುಗಿಸಿ ಶೆಡ್ಡು ತೆರೆದ ದಿನವೇ ಕೊನೆಯ ಪರೀಕ್ಷೆ. ಮೊದಲ ಬುಷ್ಷಿಗೆ ಕೆಂಪು ದೀಪ. ಎರಡನೆಯದಕ್ಕೂ ಕೆಂಪು. ಕನ್ನಡಿಯಂಥ ಬುಷ್ ಇಟ್ಟರೂ ಕೆಂಪೇ. ಎಂಜಿನಿಯರ್ ಬೆವರು ಒರೆಸಿಕೊಳ್ಳುತ್ತ ವೋಲ್ಟೇಜ್ ಸರಿಯಿಲ್ಲ ಅಂತ ಹಿಂದಿನ ವೈರುಗಳನ್ನು ಬಿಚ್ಚಿ ಕೂತರು. ಸಾವುಕಾರರಿಗೆ ಸಿಟ್ಟು ನೆತ್ತಿಗೇರಿತು. "ಸಾಕು ಬಿಡ್ರಿ. ಇವತ್ತೇ ಲಾರಿಗೆ ಹಾಕಿ ವಾಪಸ್ ತಗೊಂಡ್ ಹೋಗ್ರಿ" ಅಂದರು.

ಟಿವಿಯಂಥ ಅದರ ಪರದೆ ನಮ್ಮ ಮೇಜಿನ ಕಡೆಗೇ ತಿರುಗಿತ್ತು. ಪ್ರತಿ ಬುಷ್ಷಿನ ಮೇಲೂ ಮೂರು ಬಿಳಿ ಮಬ್ಬು ಗೆರೆ. ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದರು. ಮೇಜಿನ ಕೆಳಗೆ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಸುಮ್ನಿರ್ರಿ ಅಕ್ಕಾ" ಅಂದೆ.

ಅಕ್ಕ ಕೈ ಬಿಡಿಸಿಕೊಂಡು ಎದ್ದು, ಊದಿದ ಕಾಲು ಎಳೆಯುತ್ತ ಹೋಗಿ, ಸೆರಗಿನ ತುದಿಯಿಂದ ಆ ಗಾಜು ಒರೆಸಿದರು. "ಮಿಷಿನ್ ಬರೋಬ್ಬರಿ ಐತೆ ಸಾವ್ಕಾರ್ರೆ. ನಾನೇ ವಿಭೂತಿ ಹಚ್ಚಿದ್ದೆ" ಅಂದರು. ಹಸಿರು ದೀಪ ಹತ್ತಿತು. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಸಂಜೆ ಶೆಡ್ಡಿನಿಂದ ಹೊರಬಿದ್ದ ಕೂಡಲೇ ಅಕ್ಕನನ್ನು ಕೇಳಿಯೇಬಿಟ್ಟೆ. "ಯಾಕ ಒರಿಸಿದ್ರಿ? ಅದರ ಪಾಡಿಗೆ ಅದು ಹೋಗ್ತಿತ್ತು."

"ಅದಕ್ಕೆ ಕಲಿಸ್ದೋರು ನಾವು. ನಾವೇ ಕಣ್ಣಾಗೆ ಬೂದಿ ಹಾಕಿ, ಕುರುಡು ಐತೆ ಅಂತ ಹೊರಗೆ ಹಾಕಾದಾ? ಬ್ಯಾಡವಾ, ನನ್ ಕೈಲಿ ಆಗಲ್ಲ."

ಮೇಜು ಗೋಡೌನಿಗೆ ಹೋಯಿತು. ನಾನೊಬ್ಬಳು ಕ್ಯಾಮೆರಾ ನೋಡಿಕೊಳ್ಳಲು ಉಳಿದೆ, ಉಳಿದವರು ಪ್ಯಾಕಿಂಗಿಗೆ. ಅಲ್ಲಿ ದಿನವಿಡೀ ನಿಲ್ಲಬೇಕು. ಮರುವರ್ಷದ ಆಯುಧಪೂಜೆಯ ಹೊತ್ತಿಗೆ ಅಕ್ಕ ಕೆಲಸ ಬಿಟ್ಟಿದ್ದರು. ಅವರ ಮೇಲಿನ ನನ್ನ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ. ಅವತ್ತು ನಾನು ಅಂದದ್ದರಲ್ಲಿ ತಪ್ಪಿರಲಿಲ್ಲ ಅಂತ ಈಗಲೂ ಹೇಳುತ್ತೇನೆ.

ಈಗ ನಾನಿರುವುದು ಹರಿಹರದ ಇನ್ನೊಂದು ಕಾರ್ಖಾನೆಯಲ್ಲಿ. ಹೊಸ ಕ್ಯಾಮೆರಾ ಬಂದಿದೆ. ಅದಕ್ಕೆ ಒಳ್ಳೆಯದು, ಕೆಟ್ಟದ್ದು ತೋರಿಸುವವಳು ನಾನೇ. ಪೂರ್ತಿ ಕಲಿತ ಮೇಲೆ ನನ್ನ ಕುರ್ಚಿ ಇರುವುದಿಲ್ಲ, ಅದನ್ನು ನನಗೆ ಹೇಳಿಯೇ ತಂದಿದ್ದಾರೆ. ಈ ಸಲದ ಆಯುಧಪೂಜೆಗೆ ಹೊಸದಾಗಿ ಸೇರಿದ ಹುಡುಗಿ ವಿಭೂತಿಯ ಬಟ್ಟಲು ಹಿಡಿದು ಬಂದಳು. "ಇದಕ್ಕೆ ಎಲ್ಲಿ ಹಚ್ಲಿ ಆಂಟಿ?" ಅಂದಳು.

"ಗಾಜಿಗೆ ಬ್ಯಾಡ, ಕೆಳಗೆ ಸ್ಟ್ಯಾಂಡಿಗೆ ಹಚ್ಚು" ಅಂದೆ. ಅವಳು ಅತ್ತ ಹೋದ ಮೇಲೆ ಬಗ್ಗಿ ನೋಡಿದೆ. ಗಾಜು ಸ್ವಚ್ಛವಾಗಿಯೇ ಇತ್ತು. ಆದರೂ ಸೆರಗಿನ ತುದಿಯಿಂದ ಒಂದು ಸಲ ಒರೆಸಿದೆ.