ಮೆಡ ಅಲ್ಲ, ಮೇಡ

ಇವತ್ತು ಬೆಳಿಗ್ಗೆ ವಿಜಯವಾಡದ ಒನ್ ಟೌನ್ ಪೇಟೆಯ ಪಾತ್ರೆ ಅಂಗಡಿಯಲ್ಲಿ ಮೂವರಿದ್ದೆವು: ನಾನು, ನಮ್ಮ ಯಜಮಾನರು, ಅಂಗಡಿಯವರು. ಗೋಡೆಯ ಮೇಲೆ ತೆಲುಗಿನಲ್ಲಿ ಬರೆದಿತ್ತು, "ಪೆದ್ದ ಪಾತ್ರಲು ಮೇಡ ಮೀದ." ದೊಡ್ಡ ಪಾತ್ರೆಗಳು ಮಹಡಿಯ ಮೇಲೆ ಅಂತ. ಈ ಊರಲ್ಲೇ ಹುಟ್ಟಿದ ನಮ್ಮ ಯಜಮಾನರು ನನ್ನತ್ತ ಓರೆಗಣ್ಣು ಹಾಯಿಸಿ, "ಮಹಡಿನೋ, ಕತ್ತೋ? ಸರಿಯಾಗಿ ಓದಮ್ಮಾ" ಎಂದರು. ಅಂಗಡಿಯವರಿಗೆ ಅರ್ಥವಾಗಲಿಲ್ಲ. ನಿಮಗೆ ಹೇಳುತ್ತೇನೆ.

ನನಗೆ ಅಕ್ಷರ ಕಲಿಸಿದವರು ತಾತ, ತುಮಕೂರಿನ ಜಗಲಿಯಲ್ಲಿ. ದೀರ್ಘ ಬಂದಾಗೆಲ್ಲ "ಬಾಲ ಕಂಡ್ರೆ ಎಳಿ, ಇಲ್ದಿದ್ರೆ ಬಿಡು" ಅನ್ನುತ್ತಿದ್ದರು. ಕನ್ನಡದ 'ಮೇ'ಗೆ ಪಕ್ಕದಲ್ಲಿ ಬಾಲವಿದೆ. ತೆಲುಗಿನಲ್ಲಿ ಆ ದೀರ್ಘ ತಲೆಯ ಮೇಲೊಂದು ಸಣ್ಣ ಸುತ್ತು, ಅಷ್ಟೇ. ತಾತನ ಮೊಮ್ಮಗಳು ಬಾಲ ಹುಡುಕುತ್ತಾ ಕೂರುತ್ತಿದ್ದಳು.

ಇಂಥ ನಾನು ಕೆಲವು ವರ್ಷಗಳ ಹಿಂದೆ ಇಲ್ಲಿಯ ಶಾಲೆಯೊಂದರಲ್ಲಿ, ಓದು ಹಿಡಿಯದ ಐದನೇ ತರಗತಿಯ ಆರು ಮಕ್ಕಳಿಗೆ ತೆಲುಗು ಓದಿಸಲು ಹೋದೆ. ಉಳಿದ ಮಕ್ಕಳು ನಮ್ಮನ್ನು ಮೊದ್ದು ಬ್ಯಾಚ್ ಅನ್ನುತ್ತಿದ್ದರು. ನನ್ನನ್ನೂ ಸೇರಿಸಿಯೇ ಇರಬೇಕು.

ಆ ಆರರಲ್ಲಿ ನಾಗಮಣಿ ಪಾಠವನ್ನು ಗಡಗಡ ಒಪ್ಪಿಸುತ್ತಿದ್ದಳು, ಬೆರಳು ಮಾತ್ರ ಬೇರೆ ಸಾಲಿನ ಮೇಲೆ. ಎಲ್ಲವೂ ಕೇಳಿ ಕಲಿತ ಬಾಯಿಪಾಠ. ಮೆಣಸಿನಕಾಯಿ ಮಂಡಿಗೆ ಕೆಲಸಕ್ಕೆ ಹೋಗುತ್ತಿದ್ದ ಅವಳ ತಾಯಿ ಬಾಗಿಲಲ್ಲೇ ನಿಂತು ಹೇಳಿಬಿಟ್ಟಿದ್ದಳು: "ಐದು ವರ್ಷ ಬೆಂಚು ಸವೆಸಿದ್ದೇ ಬಂತು ಮೇಡಂ. ಬೇಸಿಗೆಯೊಳಗೆ ಓದು ಬರ್ಲಿಲ್ಲ ಅಂದ್ರೆ ದುವ್ವಾಡಕ್ಕೆ ಕಳಿಸ್ತೀನಿ. ಅಲ್ಲಿ ನನ್ನ ತಂಗಿಯ ಮಗು ನೋಡ್ಕೊಳ್ಳಲಿ."

ಹೇಗಾದರೂ ಕಳಿಸಬಾರದು ಅಂತ ಹಟ ಹಿಡಿದೆ. ಹಟವೇನೋ ಇತ್ತು, ದಾರಿ ಇರಲಿಲ್ಲ.

ಒಂದು ದಿನ ನಾನೇ ಗತ್ತಿನಿಂದ ಓದಿದೆ: "ಪಿಲ್ಲಿ ಮೆಡ ಎಕ್ಕಿಂದಿ." ಮೇಡ ಮಹಡಿ, ಮೆಡ ಅಂದರೆ ಕತ್ತು; ಬೆಕ್ಕು ಮಹಡಿ ಹತ್ತುವ ಬದಲು ಕತ್ತು ಹತ್ತಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಗಮಣಿ ನಗಲಿಲ್ಲ. ಪುಸ್ತಕಕ್ಕೆ ಬಗ್ಗಿ, ಆ ಅಕ್ಷರದ ತಲೆಯ ಮೇಲೇ ಬೆರಳಿಟ್ಟು, "ಮೇಡಂ, ಮೆಡ ಕಾದಂಡಿ, ಮೇಡ! ಇಲ್ಲಿ ಸುತ್ತಿದೆ ನೋಡಿ" ಎಂದಳು.

ಅವಳು ಓದಿದ್ದಳು!

"ಇನ್ನು ಮೇಲೆ ನೀನೇ ನನ್ನ ಮೇಷ್ಟ್ರು. ತಪ್ಪಿದರೆ ನಿಲ್ಲಿಸು" ಎಂದೆ. ನನ್ನನ್ನು ಹಿಡಿಯಬೇಕಾದರೆ ಸಾಲಿನಿಂದ ಕಣ್ಣು ತೆಗೆಯುವಂತಿಲ್ಲವಲ್ಲ. ದಿನವೂ ಓದಿದೆ, ದಿನವೂ ಸಿಕ್ಕಿಬಿದ್ದೆ. ಕೆಲವು ತಪ್ಪು ಬೇಕೆಂದೇ ಮಾಡಿದವು. ಎಷ್ಟು ಅಂತ ಕೇಳಬೇಡಿ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವಳ ಗಡಗಡ ನಿಂತು ತಡವರಿಕೆ ಶುರುವಾಯಿತು. ಹೆಡ್‌ಮೇಡಂ ಗಾಬರಿಯಾದರು. ನನಗೆ ಮಾತ್ರ ಹಿಗ್ಗು: ತಡವರಿಸುವವರು ಅಕ್ಷರ ನೋಡುತ್ತಿದ್ದಾರೆ ಎಂದರ್ಥ. ಈಗಲೂ ಮಗುವೊಂದು ತಡವರಿಸಿದರೆ ನಾನು ಬಾಯಿ ಹಾಕದೆ ಕಾಯುತ್ತೇನೆ.

ಏಪ್ರಿಲ್‌ನಲ್ಲಿ ತಾಯಿ ಟಿಸಿ ಕೇಳಿಕೊಂಡು ಬಂದಳು. ಮೊದಲು ಮಗಳ ಓದು ಕೇಳಿ ಎಂದೆ. "ಒಪ್ಪಿಸೋದು ಬೇಡ, ಅದು ನನಗೆ ಗೊತ್ತು" ಎಂದು ಕಪಾಟಿನಿಂದ ಯಾವುದೋ ಪುಸ್ತಕ ಎಳೆದು, ತಾನೇ ನಡುವೆ ಬಿಡಿಸಿ ಮಗಳ ಮುಂದಿಟ್ಟಳು. ಒಂದು ಒತ್ತಕ್ಷರದಲ್ಲಿ ನಾಗಮಣಿ ಸಿಕ್ಕಿಕೊಂಡಳು. ನಾನು ತುಟಿ ಕಚ್ಚಿಕೊಂಡೆ. ಅವಳು ಹಿಂದೆ ಹೋಗಿ, ಬಿಡಿಸಿಕೊಂಡು, ಮುಂದೆ ಓದಿದಳು.

ಪುಟ ಮುಗಿಯಿತು. ತಾಯಿ ನೆಲದ ಮೇಲೆ ಕೂತು, "ಇಂಕಾ ಚದುವು" ಎಂದಳು. ಇನ್ನೂ ಓದು.

ಜೂನ್‌ನಲ್ಲಿ ನಾಗಮಣಿ ಆರನೇ ತರಗತಿ ಸೇರಿದಳು. ದುವ್ವಾಡದ ಮಗುವನ್ನು ನೋಡಿಕೊಳ್ಳಲು ಅದರ ಅಪ್ಪನ ಅಮ್ಮ ಬಂದರಂತೆ.